ಗೋಡೆ ಸವರುವ ಸೆಕ್ರೆಟರಿ

ನಮ್ಮ ಸೆಕ್ರೆಟರಿಯವರ ದನಿ ತೆಗೆಯುವುದು ಕಷ್ಟವೇನಲ್ಲ. ಎಡಗೆನ್ನೆಯೊಳಗೆ ಅರ್ಧ ಬೋಂಡ ಇಟ್ಟುಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಕೂತವನ ಹಾಗೆ ಬಾಯಿ ಮಾಡಿಕೊಳ್ಳಬೇಕು. ಮೈಕನ್ನು ಬೆರಳಿನಿಂದ ಟಕ ಟಕ ಟಕ ಎಂದು ಕುಟ್ಟಬೇಕು. ಮೈಕು ಇಲ್ಲದಿದ್ದರೆ ಎದುರಿಗಿರುವವನ ಭುಜ ಕುಟ್ಟಿದರೂ ನಡೆಯುತ್ತದೆ. "ಒಂದೇ ಒಂದು ಮಾತು ಹೇಳ್ತೀನಿ" ಎಂದು ಶುರು ಮಾಡಿ ಜನ ಎದ್ದು ಹೋಗುವವರೆಗೂ ಹೇಳಬೇಕು. ತಮಾಷೆ ಮಾಡಿದ ಮೇಲೆ ಮೊದಲು ತಾನೇ ನಕ್ಕು, ಸಭೆ ನಗಲಿ ಎಂದು ಕಾಯಬೇಕು. ಸಭೆ ನಗದಿದ್ದರೆ ಅದೇ ತಮಾಷೆಯನ್ನು ಇನ್ನೊಂದು ಸಲ ಹೇಳಬೇಕು.

ಇಷ್ಟು ಬಂದರೆ ಮುಕ್ಕಾಲು ಮನುಷ್ಯ ಬಂದ ಹಾಗೆ. ಉಳಿದ ಕಾಲುಭಾಗ ಬಲಗೈಯಲ್ಲಿದೆ. ಯಾರ ಮನೆಗೆ ಹೋದರೂ ಹೊಸಿಲು ದಾಟಿದ ಕೂಡಲೇ ಆ ಕೈ ಗೋಡೆಗೆ ಹೋಗುತ್ತಿತ್ತು. ಸಂತೆಯಲ್ಲಿ ಎಮ್ಮೆ ಕೊಳ್ಳಲು ಬಂದವರು ಬೆನ್ನು ಸವರುವ ಹಾಗೆ ಗೋಡೆಯನ್ನು ಸವರುತ್ತಲೇ "ಏನಮ್ಮಾ, ಚೆನ್ನಾಗಿದೀರಾ?" ಎನ್ನುವರು. ನಾವು ಚೆನ್ನಾಗಿದ್ದೇವೆಯೇ ಎಂಬುದು ಅವರಿಗೆ ಬೇಕಿರಲಿಲ್ಲ. ಗೋಡೆ ಚೆನ್ನಾಗಿದೆಯೇ ಎಂಬುದು ಬೇಕಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಸುದ್ದಿ ಬಿತ್ತು. ತಿಂಡಿಯ ಹೊತ್ತಿಗೆ ಅವರು "ಬಾಡಿಗೆದಾರರ ಪಾಲಿನ ಕಾಮಧೇನು" ಆಗಿದ್ದರು, ಊಟದ ಹೊತ್ತಿಗೆ "ಸಹಕಾರ ಭೀಷ್ಮ". ಬದುಕಿದ್ದಾಗ ಅವರ ಶುಭೋದಯದ ಕಾಟ ತಡೆಯಲಾರದೆ ಗ್ರೂಪನ್ನೇ ಮ್ಯೂಟು ಮಾಡಿಟ್ಟಿದ್ದ ಜನ ಇವರು. ಸಂಜೆ ನಮ್ಮ ಸೊಸೈಟಿಯ ಅಧ್ಯಕ್ಷರಾದ ಗುಬ್ಬಿಯ ಮೇಷ್ಟ್ರು ನನಗೆ ಫೋನ್ ಮಾಡಿದರು.

"ಭಾನುವಾರ ಶ್ರದ್ಧಾಂಜಲಿ ಸಭೆ ಇಟ್ಕೊಂಡಿದೀವಿ ಕಣಪ್ಪ. ನೀನು ಅವರ ವಾಯ್ಸಲ್ಲಿ ಎರಡು ಮಾತಾಡ್ಬೇಕು."

"ಸತ್ತೋರ ವಾಯ್ಸಲ್ಲಾ ಮೇಷ್ಟ್ರೇ?"

"ಅದ್ರಲ್ಲೇನಿದೆ? ಬದುಕಿದ್ದಾಗ ಮಾಡ್ತಿರ್ಲಿಲ್ವಾ? ಆಗ ಹಿಂದ್ಗಡೆ ಮಾಡ್ತಿದ್ದೆ, ಈಗ ಸ್ಟೇಜ್ ಮೇಲೆ ಮಾಡು."

ನನ್ನ ಕಸುಬೇ ಅದು. ತುಮಕೂರಿನಲ್ಲಿ ಆಟೊಗಳ ಮೇಲೆ ಮೈಕು ಕಟ್ಟಿಕೊಂಡು "ಬನ್ನಿರಿ ಬನ್ನಿರಿ, ಬೆಡ್‌ಶೀಟುಗಳ ಬೃಹತ್ ಮಾರಾಟ" ಎಂದು ಯಾವನೋ ಕಿರುಚಿಕೊಂಡು ಹೋಗುತ್ತಾನಲ್ಲ, ಅವನು ನಾನು. ಹಲ್ಲಿನ ಕ್ಯಾಂಪಿಗೆ ಡಾಕ್ಟರ ದನಿ, ಸೀರೆ ಅಂಗಡಿಗೆ ಹೆಂಗಸಿನ ದನಿ, ಚುನಾವಣೆಗೆ ಎಲ್ಲ ಪಕ್ಷದವರ ದನಿ. ನನ್ನ ಸ್ವಂತ ದನಿ ಯಾವುದೆಂದು ನಮ್ಮಮ್ಮನಿಗೂ ಮರೆತುಹೋಗಿದೆ. ಕಾಲೇಜಿನ ಮಿಮಿಕ್ರಿ ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ ಬಂದಿತ್ತು. ಮೊದಲನೆಯದು ಮಿಕ್ಸಿಯ ಸದ್ದು ಮಾಡಿದವನಿಗೆ ಹೋಯಿತು. ಇಂಥ ಕಲಾವಿದನ ಮಾತನ್ನು ನೀವು ಎಷ್ಟು ನಂಬಬೇಕೋ ಅಷ್ಟು ನಂಬಿ. ಕಾಮಧೇನುವಿನ ವಿಷಯ ಮಾತ್ರ ನಂಬಬೇಡಿ. ನಾವು ಅವರ ವಠಾರದಲ್ಲಿ ಬಾಡಿಗೆಗಿದ್ದವರು. ಆ ಹಸು ಒದೆಯುತ್ತಿತ್ತು.

ಹೌದು. ಬಾಡಿಗೆದಾರರಿಗೆಲ್ಲ ಸ್ವಂತ ಮನೆ ಆಗಬೇಕು ಎಂದು ಊರೂರು ತಿರುಗಿದ ಈ ಮಹಾನುಭಾವರು ಒಂದು ವಠಾರದ ಓನರು. ಭಾನುವಾರ ಮೈಕು ಹಿಡಿದು "ಬಾಡಿಗೆ ಮನೆ ಅಂದ್ರೆ ಜೀವಮಾನದ ಜೀತ ಕಣ್ರೀ!" ಎಂದು ಗುಡುಗುವರು. ಸೋಮವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು, ಜೀತದವರು ಗೋಡೆಗೆ ಮೊಳೆ ಹೊಡೆದಿದ್ದಾರೆಯೇ ಎಂದು ಸವರಿ ನೋಡುವರು.

ಮೊಳೆ ಹೊಡೆಯಬಾರದು ಎನ್ನುವುದು ವಠಾರದ ಮೊದಲ ಕಾನೂನು, ಕಡೆಯ ಕಾನೂನು, ನಡುವಿನ ಕಾನೂನು. ಬಾಡಿಗೆ ತಡವಾಗಿ ಕೊಟ್ಟರೆ ಕ್ಷಮೆ ಇತ್ತು, ಮೊಳೆಗೆ ಇರಲಿಲ್ಲ. ನಮ್ಮಪ್ಪ ನಾನು ಹೈಸ್ಕೂಲಿನಲ್ಲಿದ್ದಾಗ ಹೋದವರು. ಅವರ ಫೋಟೊವನ್ನು ಅಮ್ಮ ಹೊಲಿಗೆ ಮಿಷಿನ್ನಿನ ಪಕ್ಕದ ಫ್ರಿಜ್ಜಿನ ಮೇಲೆ ಒರಗಿಸಿ ಇಟ್ಟಿದ್ದಳು. ಅಮ್ಮ ಬ್ಲೌಸು ಹೊಲಿಯುತ್ತಾಳೆ. ಹಬ್ಬದ ಸೀಸನ್ನಿನಲ್ಲಿ ಜೋರಾಗಿ ತುಳಿದರೆ ಫ್ರಿಜ್ಜು ನಡುಗಿ ಅಪ್ಪ ಬೋರಲು ಬೀಳುತ್ತಿದ್ದರು. ಎತ್ತಿ ನಿಲ್ಲಿಸಿ, ಸೆರಗಿನಿಂದ ಒರೆಸಿ, ಅಮ್ಮ ಮತ್ತೆ ತುಳಿಯುವಳು. "ಇದ್ದಾಗ್ಲೂ ಹಿಂಗೇ ಕಣೋ, ಕೆಲ್ಸದ ಟೈಮಲ್ಲೇ ಬಿದ್ಕೊಳ್ಳೋದು" ಎನ್ನುವಳು. ಆದರೂ ಒಂದು ದಿನ ಬಾಯಿಬಿಟ್ಟು ಹೇಳಿದಳು, "ನಂದೂ ಅಂತ ಒಂದು ಗೋಡೆ ಇದ್ದಿದ್ರೆ ಈ ಮನುಷ್ಯನ್ನ ನೆಟ್ಟಗೆ ನಿಲ್ಲಿಸ್ತಿದ್ದೆ."

ಆ ವಾರವೇ ನಾನು ಸುತ್ತಿಗೆ ಹಿಡಿದೆ. ಮೂರು ಏಟು ಹೊಡೆದಿದ್ದೆ, ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಕೈಗೆ ಸಿಕ್ಕ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿ ತಿರುಗಿದೆ.

"ಏನ್ಲಾ ಮೈಕು, ಏನೋ ಶಬ್ದ?" ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ.

"ಪ್ರಾಕ್ಟೀಸು ಸಾರ್. ಮಿಮಿಕ್ರಿ. ಸುತ್ತಿಗೆ ಸೌಂಡು."

"ಹೌದಾ? ಎಲ್ಲಿ, ಇನ್ನೊಂದ್ಸಲ ಮಾಡು."

ನಾಲಿಗೆ ಮಡಿಸಿ ಟಣ್, ಟಣ್, ಟಣ್ ಎಂದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಪರ್ವಾಗಿಲ್ಲ ಕಣ್ಲಾ, ಚೆನ್ನಾಗಿ ಬರ್ತದೆ" ಎನ್ನುತ್ತಲೇ ಬಲಗೈ ಗೋಡೆಯ ಮೇಲೆ ತೆವಳಿಕೊಂಡು ಹೋಯಿತು. ಕ್ಯಾಲೆಂಡರಿನ ಹಿಂದೆ ನಿಂತಿತು.

ಬೈಯುತ್ತಾರೆಂದು ಕಾದೆ. ಅವರು ಬಾಗಿಲ ಕಡೆ ತಿರುಗಿ ನೋಡಿದರು. ಹೊರಗೆ ಅವರ ಹೆಂಡತಿ, ನಾವೆಲ್ಲ ಓನರಮ್ಮ ಎನ್ನುತ್ತಿದ್ದವರು, ಯಾರಿಗೋ ನೀರಿನ ವಿಷಯ ಹೇಳುತ್ತಿದ್ದರು. ಇವರು ಸರಕ್ಕನೆ ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡು "ಹಲ್ಲುಜ್ಜೋ ಪೇಸ್ಟ್ ತಾ, ಬಿಳೀದು" ಎಂದು ಪಿಸುಗುಟ್ಟಿದರು. ಬೆರಳ ತುದಿಯಲ್ಲಿ ಪೇಸ್ಟನ್ನು ತೂತಿಗೆ ತುಂಬಿ, ಉಗುರಿನಿಂದ ಸಮ ಮಾಡಿ, ಮೇಲೆ ಒಂದು ಚಿಟಿಕೆ ಪೌಡರು ಬಳಿದರು. ಮೊಳೆ ಇದ್ದ ಜಾಗ ನನಗೇ ಗೊತ್ತಾಗಲಿಲ್ಲ. ಎಂಥ ಕೈಚಳಕ! ಜನ್ಮದಲ್ಲಿ ಇದೊಂದು ಕೆಲಸವನ್ನಾದರೂ ನೆಟ್ಟಗೆ ಕಲಿತಿದ್ದಾರಲ್ಲ ಎಂದುಕೊಂಡೆ. ಹೆಂಡತಿಗೆ ಇಷ್ಟು ಹೆದರುವ ಗಂಡಸು ಊರಿಗೆ ಧೈರ್ಯ ಹೇಳುತ್ತಾನೆ ಎಂದೂ ಅಂದುಕೊಂಡೆ.

ಊರಿಗೆ ಧೈರ್ಯ ಹೇಳುವ ಆ ಸಂಭ್ರಮ ನೋಡಬೇಕಿತ್ತು. ಯಾವುದೋ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಅವರಿಗೆ ಈ ಗೃಹ ನಿರ್ಮಾಣ ಸಹಕಾರ ಸಂಘದ ಹುಚ್ಚು ಹತ್ತಿತು. ಮೊದಲು ವಠಾರದವರನ್ನೆಲ್ಲ ಗದರಿಸಿ ಸದಸ್ಯರನ್ನಾಗಿ ಮಾಡಿದರು. ನಮ್ಮಮ್ಮ ಮಾತ್ರ ಬಗ್ಗಲಿಲ್ಲ. "ಓನರೇ ಬಂದು ಮನೆ ಬಿಡಿ ಅಂತಾನೆ ಅಂದ್ರೆ ಅದ್ರಲ್ಲೇನೋ ಇದೆ ಕಣೋ" ಎಂದು ಎಳೆದೆಳೆದು, ಇನ್ನೇನು ಸದಸ್ಯತ್ವದ ಬಾಗಿಲು ಮುಚ್ಚುತ್ತದೆ ಎನ್ನುವಾಗ ಸೇರಿದಳು. ಎಲ್ಲರಿಗಿಂತ ಕೊನೆಯ ಸದಸ್ಯೆ ಅವಳು.

ಪ್ರಚಾರಕ್ಕೆ ಬಾಷಣ್ಣನ ಆಟೊ, ಅದರ ಮೇಲೆ ಎರಡು ಹಾರ್ನು, ಹಾರ್ನಿನೊಳಗೆ ನಾನು. ಬರೆದುಕೊಟ್ಟವರು ಅವರೇ. "ಬಾಡಿಗೆ ಕಟ್ಟಿ ಕಟ್ಟಿ ಬೇಸತ್ತ ಬಂಧುಗಳೇ! ಒಬ್ಬರಿಂದ ಒಂದು ಸೈಟು ಕೊಳ್ಳೋಕಾಗಲ್ಲ! ಎಲ್ಲರೂ ಸೇರಿದ್ರೆ ಒಂದು ಹೊಲಾನೇ ಕೊಳ್ಬಹುದು! ಹೊಲದಲ್ಲಿ ಎಲ್ಲರಿಗೂ ಮನೆ! ವಿಶೇಷ ಸೂಚನೆ: ಸ್ವಂತ ಮನೆ ಇದ್ದೋರು ಸುಮ್ನೆ ಮನೇಲಿರಿ!"

ಈ ಕಡೆಯ ಸಾಲು ಅವರ ಮಹಾಕಾವ್ಯ. ಅದನ್ನು ಮೊದಲ ಸಲ ಓದಿಸಿದಾಗ ಅವರು ತಾವೇ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನ್ನ ದುರದೃಷ್ಟಕ್ಕೆ ಅದು ಜನರ ಬಾಯಿಗೂ ಹತ್ತಿತು. ಗುಬ್ಬಿ ಬಸ್‌ಸ್ಟ್ಯಾಂಡಿನ ಹುಡುಗರು ಆಟೊ ಕಂಡ ಕೂಡಲೇ "ಸುಮ್ನೆ ಮನೇಲಿರಿ!" ಎಂದು ಕೂಗುತ್ತಿದ್ದರು. ಅದೇ ಗುಬ್ಬಿಯಲ್ಲಿ ಮೊದಲ ದಿನ "ಸೊಸೈಟಿ ಬಂದಿದೆ" ಎಂಬ ಸುದ್ದಿ ಹಬ್ಬಿ, ಹೆಂಗಸರು ರೇಷನ್ ಅಕ್ಕಿಗೆಂದು ಚೀಲ ಹಿಡಿದು ಸಾಲು ನಿಂತರು. ಇವರು ಆ ಸಾಲನ್ನು ಕಂಡು ತಮ್ಮ ಕೀರ್ತಿ ತಮಗಿಂತ ಮುಂಚೆ ಗುಬ್ಬಿ ಮುಟ್ಟಿದೆ ಎಂದು ಭಾವಿಸಿ ಸಹಕಾರ ತತ್ತ್ವದ ಮೇಲೆ ಭಾಷಣ ಹೊಡೆದರು. ಚೀಲದವರಲ್ಲಿ ಒಬ್ಬಾಕೆ ಕಾದು ಕಾದು, "ಅಣ್ಣಾ, ಮನೆ ಆಮೇಲ್ ಕೊಡೀವ್ರಂತೆ, ಮೊದ್ಲು ಅಕ್ಕಿ ಅಳೀರಿ" ಎಂದಳು. ಆವತ್ತು ಗುಬ್ಬಿಯಲ್ಲಿ ಸಿಕ್ಕ ಏಕೈಕ ಮಿಕ ಎಂದರೆ ಈಗಿನ ಅಧ್ಯಕ್ಷರಾದ ಮೇಷ್ಟ್ರು.

ಕುಣಿಗಲ್ಲಿಗೆ ಹೋದಾಗ ಕುದುರೆ ಫಾರಂ ಕಡೆ ಕೈ ತೋರಿಸಿ, "ನೋಡ್ರಪ್ಪಾ, ಕುದುರೆಗಳಿಗೂ ಒಂದೊಂದಕ್ಕೂ ಒಂದೊಂದು ರೂಮಿದೆ! ನಿಮಗಿಲ್ವಾ?" ಎಂದು ಕೇಳಿದರು. ತಾವೇ ನಕ್ಕರು, ಕಾದರು, ಯಾರೂ ನಗಲಿಲ್ಲ, ಮತ್ತೆ ಹೇಳಿದರು. ವಾಪಸು ಬರುವಾಗ ಬಾಷಣ್ಣ ಆಟೊ ಓಡಿಸುತ್ತಲೇ ಅಂದ, "ಸಾರ್, ಕುದುರೆಗೆ ಯಾರೂ ಹೆಸರು ಕೇಳಿ, 'ಮನೆ ಆಗ್ಲೇ ಬೇರೆಯೋರಿಗೆ ಆಗೋಗಿದೆ' ಅನ್ನಲ್ಲ. ಅದು ಪುಣ್ಯ ಮಾಡಿದೆ."

ಅವರು ಭಾಷಣದವರಲ್ಲವೆ, ಬಾಷಣ್ಣನ ಭುಜ ಕುಟ್ಟಿದರು. "ಒಂದೇ ಒಂದು ಮಾತು ಹೇಳ್ತೀನಿ ಬಾಷಾ..." ಎಂದರು. ಅದೊಂದು ಸಲ ಮಾತ್ರ ಆ ಒಂದು ಮಾತೂ ಬರಲಿಲ್ಲ. ಮಾರನೆಯ ದಿನ ಬಾಷಣ್ಣನನ್ನು ಸದಸ್ಯನನ್ನಾಗಿ ಮಾಡಿಕೊಂಡರು. ಪುಕ್ಕಟೆ ಆಟೊ ಸಿಗುತ್ತದಲ್ಲ, ಅದಕ್ಕೆ.

ಸನ್ಮಾನದ ಚಟವೊಂದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಹೋದ ಕಡೆಯೆಲ್ಲ ತಮ್ಮ ಚೀಲದಲ್ಲಿ ಒಂದು ಶಾಲು, ಒಂದು ಗಂಧದ ಹಾರ ಇಟ್ಟುಕೊಂಡಿರುತ್ತಿದ್ದರು. ಸಭೆ ಏರ್ಪಡಿಸಿದವರು ಬಡವರಾದರೆ ಅವರಿಗೆ ತೊಂದರೆ ಆಗಬಾರದಂತೆ. ಕಾರ್ಯಕ್ರಮದ ನಡುವೆ ಮೆಲ್ಲಗೆ ಚೀಲ ದಾಟಿಸುವರು. ಯಾರೋ ಶಾಲು ಹೊದಿಸುವರು, ಇವರು "ಅಯ್ಯಯ್ಯೋ, ಇದೆಲ್ಲ ಯಾಕೆ?" ಎನ್ನುವರು, ನಾನು ಮೊಬೈಲಿನಲ್ಲಿ ಫೋಟೊ ಹೊಡೆಯಬೇಕು. ಅದೇ ಶಾಲು ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ, ಯಡಿಯೂರಿನ ಛತ್ರವೊಂದರಲ್ಲಿ ಅವರ ಹೆಗಲೇರಿತು. ನಾಲ್ಕು ಊರುಗಳ ಕೃತಜ್ಞತೆಯನ್ನು ಒಂದೇ ಶಾಲು ಹೊತ್ತು ಹೊತ್ತು ನೂಲು ಬಿಟ್ಟಿತ್ತು. ಫೋಟೊಗಳನ್ನೆಲ್ಲ ಅವರು ದೊಡ್ಡದು ಮಾಡಿಸಿ ಫ್ರೇಮು ಹಾಕಿಸುತ್ತಿದ್ದರು.

ಆ ಫ್ರೇಮುಗಳೆಲ್ಲ ಎಲ್ಲಿ ಹೋಗುತ್ತವೆ ಎಂಬುದು ಒಂದು ದಿನ ರೆಕಾರ್ಡಿಂಗಿಗೆ ಅವರ ಮನೆಗೆ ಹೋದಾಗ ತಿಳಿಯಿತು. ಹಾಲಿನ ಗೋಡೆಯಲ್ಲಿ ಒಂದೇ ಫೋಟೊ. ಪೇಟ ಕಟ್ಟಿಕೊಂಡ, ಮೀಸೆಯ, ಯಾರನ್ನೂ ಒಳಗೆ ಬಿಡಲೊಪ್ಪದ ಕಣ್ಣಿನ ಹಿರಿಯರು. ಓನರಮ್ಮನ ಅಪ್ಪ. ವಠಾರ ಅವರು ಕಟ್ಟಿಸಿದ್ದು, ಮಗಳ ಹೆಸರಿಗೆ ಮಾಡಿಟ್ಟದ್ದು. ನಮ್ಮ ಕಾಮಧೇನು ಈ ಕೊಟ್ಟಿಗೆಗೆ ಮನೆ ಅಳಿಯನಾಗಿ ಬಂದದ್ದು. ಹಾರ ಹಾಕಿಸಿಕೊಂಡ ಫ್ರೇಮುಗಳೆಲ್ಲ ಮಂಚದ ಕೆಳಗೆ ಒಂದರ ಬೆನ್ನಿಗೊಂದು ಒರಗಿ ಕೂತಿದ್ದವು. ನಾನು ಬಗ್ಗಿ ನೋಡುತ್ತಿದ್ದದ್ದು ಓನರಮ್ಮನ ಕಣ್ಣಿಗೆ ಬಿತ್ತು.

"ಅವನ್ನೆಲ್ಲ ಹಾಕೋಕೆ ಹೋದ್ರೆ ನಮ್ಮಪ್ಪನ್ನ ಕೆಳಗಿಳಿಸ್ಬೇಕಾಗತ್ತೆ ಕಣಪ್ಪ" ಎಂದರು. ಹಾಗೇ ಗಂಡನ ಕಡೆ ತಿರುಗಿ, "ರೀ, ಗೋಡೆಗೆ ತಲೆ ಒರಗಿಸ್ಬೇಡಿ ಅಂತ ಎಷ್ಟ್ ಸಲ ಹೇಳ್ಬೇಕು? ಎಣ್ಣೆ ಕಲೆ ಆಗತ್ತೆ."

ಗೃಹ ನಿರ್ಮಾಣ ಸಹಕಾರ ಸಂಘದ ಗೌರವ ಕಾರ್ಯದರ್ಶಿಗಳು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಆ ದೃಶ್ಯವನ್ನು ಅಮ್ಮನಿಗೆ ಎರಡೂ ದನಿಗಳಲ್ಲಿ ಮಾಡಿ ತೋರಿಸಿದೆ. ಅಮ್ಮ ಹೊಲಿಗೆ ನಿಲ್ಲಿಸಿ ನಕ್ಕಳು. ಅಪ್ಪ ಬೋರಲು ಬಿದ್ದರು.

ಸ್ವಂತ ಮನೆ ಇರುವವರು ಸದಸ್ಯರಾಗುವಂತಿಲ್ಲ ಎಂದು ಪ್ರತಿ ಸಭೆಯಲ್ಲೂ ಅವರೇ ಓದುತ್ತಿದ್ದರು. ಓದಿ, "ಕಾಗದದ ಪ್ರಕಾರ ನಂಗೂ ಮನೆಯಿಲ್ಲ ಕಣ್ರೀ! ನಾನು ನನ್ನ ಹೆಂಡ್ತಿಯ ಬಾಡಿಗೆದಾರ!" ಎಂದು ತಾವೇ ಮೊದಲು ನಗುತ್ತಿದ್ದರು. ಹೀಗೆ ನಗುನಗುತ್ತಲೇ ತಮ್ಮ ಹೆಸರನ್ನೂ ಪಟ್ಟಿಗೆ ಸೇರಿಸಿಕೊಂಡಿದ್ದರು. ವಠಾರದ ಯಜಮಾನನಿಗೆ ಇನ್ನೊಂದು ಮನೆ ಯಾಕೆ? ಆಸೆಬುರುಕತನಕ್ಕೆ ಕಾರಣ ಬೇಕೆ?

ಹಾಗೂ ಹೀಗೂ ಗುಬ್ಬಿ ರಸ್ತೆಯಲ್ಲಿ ಊರು ಮುಗಿಯುವ ಕಡೆ ಉದ್ದಕ್ಕೆ, ಕಿರಿದಾಗಿ, ಹಾವಿನ ಹಾಗಿದ್ದ ಒಂದು ಹೊಲ ಸಂಘದ್ದಾಯಿತು. ಮನೆಗಳ ನಕ್ಷೆ ಒಪ್ಪಲು ಒಂದು ಶಾಲೆಯ ಹಾಲಿನಲ್ಲಿ ಸರ್ವ ಸದಸ್ಯರ ಸಭೆ ಕರೆದರು. ನಕ್ಷೆ ಮಾಡಿದ್ದು ಒಬ್ಬ ಎಂಜಿನಿಯರ್ ಹುಡುಗಿ. ಒಂದೇ ಸಾಲಿನಲ್ಲಿ ಮನೆಗಳು, ಪಕ್ಕಪಕ್ಕದ ಎರಡು ಮನೆಗಳ ನಡುವೆ ಒಂದೇ ಗೋಡೆ. ಹಾಗೆ ಮಾಡಿದರೆ ಮಾತ್ರ ಈ ಜಾಗದಲ್ಲಿ ಎಲ್ಲರಿಗೂ ಮನೆ ಬರುತ್ತದೆ, ಖರ್ಚೂ ಕಮ್ಮಿ ಎಂದು ಚಾರ್ಟು ತೋರಿಸಿ ಹೇಳಿದಳು.

ಸೆಕ್ರೆಟರಿ ಮೈಕು ಕುಟ್ಟಿದರು. "ಒಂದೇ ಒಂದು ಮಾತು ಹೇಳ್ತೀನಿ. ಸಹಕಾರ ಅಂದ್ರೇನು? ನನ್ನ ಗೋಡೆ ನಿನ್ನ ಗೋಡೆ ಒಂದೇ ಗೋಡೆ! ನನ್ನ ಬೆನ್ನಿಗೆ ನೀನು, ನಿನ್ನ ಬೆನ್ನಿಗೆ ನಾನು!"

ಗುಬ್ಬಿಯ ಮೇಷ್ಟ್ರು ಎದ್ದುಬಿಟ್ಟರು. "ಸ್ವಾಮೀ, ಹುಟ್ಟಿದಾಗಿಂದ ಪಕ್ಕದ ಮನೆಯೋರ ಕುಕ್ಕರ್ ವಿಷಲ್ ಎಣಿಸ್ಕೊಂಡು ನಮ್ಮನೆ ಒಲೆ ಆರಿಸಿದೀವಿ. ಸ್ವಂತ ಮನೇಲೂ ಅದೇನಾ?"

"ಅವರು ಕೆಮ್ಮಿದ್ರೆ ನಾವು ನೀರು ಕುಡೀಬೇಕಾ?" ಎಂದು ಇನ್ನೊಬ್ಬರು. ಗಲಾಟೆ ಎದ್ದಿತು. ಆದರೂ ಎಂಜಿನಿಯರ್ ಹುಡುಗಿ ಗೋಡೆ ಎಷ್ಟು ದಪ್ಪ, ಸದ್ದು ಹೇಗೆ ದಾಟುವುದಿಲ್ಲ ಎಂದು ವಿವರಿಸಿ ಅರ್ಧ ಜನರನ್ನು ಕೂರಿಸಿದ್ದಳು. ಆಗ ಹೆಂಗಸರ ಸಾಲಿನಿಂದ ನಮ್ಮಮ್ಮ ನಿಂತಳು. ಜನ್ಮದಲ್ಲಿ ಸಭೆಯಲ್ಲಿ ಮಾತಾಡಿದವಳಲ್ಲ.

"ಸಾರ್, ಆ ಗೋಡೆಗೆ ಮೊಳೆ ಹೊಡೀಬೇಕು ಅಂದ್ರೆ ಯಾರನ್ನ ಕೇಳ್ಬೇಕು?"

ಬಾಡಿಗೆ ಮನೆಯಲ್ಲಿ ಬೆಳೆದವರೆಲ್ಲ ಒಂದೇ ಸಲ ತಿರುಗಿ ಸೆಕ್ರೆಟರಿಯ ಬಾಯನ್ನೇ ನೋಡಿದರು. ಯಾರನ್ನೂ ಕೇಳಬೇಕಿಲ್ಲ ಎಂದಿದ್ದರೆ ಗೆದ್ದುಬಿಡುತ್ತಿದ್ದರು. ಆದರೆ ಮೊಳೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ಪ್ರಾಣಿಗೆ ಅಭ್ಯಾಸಬಲದಿಂದ ಮೈ ಕುಗ್ಗಿತು.

"ಅದು... ಪಕ್ಕದೋರನ್ನ ಒಂದು ಮಾತು ಕೇಳಿ ಹೊಡ್ಕೋಬಹುದು ಕಣಮ್ಮ."

ಕೇಳಿ! ಅಷ್ಟೇ ಸಾಕಾಯಿತು. "ಸ್ವಂತ ಮನೇಲೂ ಕೇಳ್ಬೇಕಂತೆ!" "ಇದ್ಕಾ ಸೊಸೈಟಿ ಸೇರಿದ್ದು?" "ಬ್ಯಾಡ ಬುಡಿ, ನಮ್ ಗೋಡೆ ನಮ್ಗೆ!" ಕೈಯೆತ್ತಿ ಎಂದರೆ ಇಡೀ ಹಾಲು ಕೈಯೆತ್ತಿತು. ನಾನಂತೂ ಎರಡೂ ಕೈ ಎತ್ತಿದೆ, ಮತದಾನದ ಹಕ್ಕೇ ಇಲ್ಲದಿದ್ದರೂ. ಪ್ರತಿ ಮನೆಗೂ ಅದರದೇ ಗೋಡೆ, ಎರಡು ಗೋಡೆಯ ನಡುವೆ ಒಂದು ಗೇಣು ಸಂದಿ ಎಂದು ತೀರ್ಮಾನವಾಯಿತು. ಹೆಂಗಸರು ಅಮ್ಮನ ಬೆನ್ನು ತಟ್ಟಿದರು.

ಎಂಜಿನಿಯರ್ ಹುಡುಗಿ ಸುಮ್ಮನೆ ಕೂತು ಏನೋ ಲೆಕ್ಕ ಹಾಕುತ್ತಿದ್ದಳು. ತಲೆಯೆತ್ತಿ, "ಜೋಡಿ ಗೋಡೆಗಳು, ಸಂದಿಗಳು, ಎಲ್ಲ ಕೂಡಿದ್ರೆ ಸರಿಯಾಗಿ ಒಂದು ಮನೆಯಷ್ಟು ಜಾಗ ಹೋಗುತ್ತೆ. ಒಬ್ಬರಿಗೆ ಮನೆ ಬರಲ್ಲ" ಎಂದಳು.

ಎಲ್ಲರೂ ಫ್ಯಾನು ನೋಡತೊಡಗಿದರು. ಕಡೆಗೆ ಮೇಷ್ಟ್ರು ಕೆಮ್ಮಿ ಹೇಳಿದರು, "ನ್ಯಾಯವಾಗಿ ನೋಡಿದ್ರೆ ಕೊನೇಲಿ ಸೇರಿದೋರು ಬಿಟ್ಕೊಡ್ಬೇಕು."

ಕೊನೆಯಲ್ಲಿ ಸೇರಿದ್ದು ನಮ್ಮಮ್ಮ. ಒಂದು ನಿಮಿಷದ ಹಿಂದೆ ಬೆನ್ನು ತಟ್ಟಿದ ಕೈಗಳೆಲ್ಲ ಮಡಿಲಿಗೆ ವಾಪಸಾದವು. ನಾನು ನೂರು ಜನರ ದನಿ ಬಲ್ಲವನು, ಒಂದೂ ಹೊರಡಲಿಲ್ಲ. ಅಮ್ಮ ಮತ್ತೆ ಎದ್ದಳು. ಎದುರಿಗಿರುವವರು ಮನೆಯ ಓನರು, ನಾಳೆ ಬೆಳಿಗ್ಗೆ ಖಾಲಿ ಮಾಡಿ ಎಂದರೆ ಎಲ್ಲಿಗೂ ಹೋಗುವಂತಿರಲಿಲ್ಲ.

"ಸಾರ್, ಆಟೊದಲ್ಲಿ ನೀವೇ ಹೇಳಿಸ್ತಿದ್ರಲ್ಲ. ಅದೇನು ಕಡೇಲಿ ಬರೋದು?"

ಮೊದಲು ಬಾಷಣ್ಣನ ತುಟಿ ಅಲುಗಿತೋ, ಗುಬ್ಬಿಯವರದೋ ತಿಳಿಯದು. ನಾಲ್ಕು ಊರಿನ ಜನ ಶಾಲೆಯ ಮಕ್ಕಳ ಹಾಗೆ ಒಂದೇ ರಾಗದಲ್ಲಿ ಒಪ್ಪಿಸಿದರು: "ಸ್ವಂತ ಮನೆ ಇದ್ದೋರು ಸುಮ್ನೆ ಮನೇಲಿರಿ!"

ಹೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರ ತಮಾಷೆಗೆ ಸಭೆ ತಾನಾಗಿ ನಕ್ಕದ್ದು ಅದೇ ಮೊದಲು. ಅವರು ಮಾತ್ರ ನಗಲಿಲ್ಲ. "ಕಾಗದದ ಪ್ರಕಾರ..." ಎಂದು ಶುರು ಮಾಡಿದರು. ಯಾರೋ "ವಠಾರ ಹೆಂಗಿದೆ ಸಾರ್?" ಎಂದರು. ಇನ್ನಷ್ಟು ನಗು. ಅವರು ಮೈಕನ್ನು ಟಕ ಟಕ ಟಕ ಎಂದು ಕುಟ್ಟಿ, "ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗಿದೆ. ಎಲ್ಲರೂ ಬೋಂಡ ತಿಂದ್ಕೊಂಡು ಹೋಗಿ" ಎಂದರು. ತಮ್ಮ ಹೆಸರನ್ನೇ ಹೊಡೆದುಹಾಕಿದ ಪಟ್ಟಿಗೆ ತಾವೇ ಸೆಕ್ರೆಟರಿಯಾಗಿ ರುಜು ಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಆವತ್ತೇ ರಾಜೀನಾಮೆ ಬಿಸಾಕಿ ಹೋಗುತ್ತಿದ್ದರು. ಇವರಿಗೆ ಅಷ್ಟು ಮಾನವೂ ಇರಲಿಲ್ಲ. ಮೈಕು ಬಿಟ್ಟಿರಲಾರದ ಜನ್ಮ. ತಮಗೆ ಬಾರದ ಮನೆಗಳಿಗಾಗಿ ಬ್ಯಾಂಕು, ತಾಲ್ಲೂಕು ಆಫೀಸು ಎಂದು ಅಲೆದರು. ಗೋಡೆ ಎದ್ದ ಹಾಗೆಲ್ಲ ಬಂದು, ಒದ್ದೆ ಪ್ಲಾಸ್ಟರಿನ ಮೇಲೆ ಅಂಗೈ ಇಟ್ಟು ಸವರಿ, ಮೇಸ್ತ್ರಿಯಿಂದ ಬೈಸಿಕೊಂಡು ಹೋಗುತ್ತಿದ್ದರು. ನಮ್ಮನ್ನು ವಠಾರದಿಂದ ಓಡಿಸಲೂ ಇಲ್ಲ. ಓನರಮ್ಮ "ಆಯಮ್ಮನ್ನ ಇನ್ನೂ ಇಟ್ಕೊಂಡಿದೀರಾ?" ಎಂದು ಕೂಗಾಡಿದ್ದು ನಮಗೇ ಕೇಳಿಸಿತ್ತು. ಮನೆ ಮುಗಿಯುವವರೆಗೂ ಅಲ್ಲೇ ಇದ್ದೆವು. ಬೇರೆ ಬಾಡಿಗೆಯವರು ಸಿಕ್ಕಿರಲಿಕ್ಕಿಲ್ಲ.

ಸ್ವಂತ ಮನೆಯಲ್ಲಿ ಹಾಲುಕ್ಕಿಸಿದ ದಿನ ನಾನು ಸುತ್ತಿಗೆ ತಂದೆ. ಅಪ್ಪನ ಫೋಟೊ ಹಿಡಿದು "ಎಲ್ಲಮ್ಮಾ?" ಎಂದೆ. ಅಮ್ಮ ಹೊಸ ಗೋಡೆಯ ಮುಂದೆ ನಿಂತಳು. ಬಲಗೈ ಮೇಲಕ್ಕೆ ಹೋಯಿತು, ಮೆಲ್ಲಗೆ ಸವರಿತು.

"ಬೇಡ ಕಣೋ. ಪೇಂಟು ಎದ್ದೋಗತ್ತೆ."

ಅಪ್ಪ ಈಗಲೂ ಫ್ರಿಜ್ಜಿನ ಮೇಲಿದ್ದಾರೆ. ಫ್ರಿಜ್ಜು ಮಾತ್ರ ದೊಡ್ಡದು. ನಮ್ಮ ಸಾಲಿನ ಯಾವ ಮನೆಗೆ ಹೋದರೂ ಇದೇ ಕಥೆ. ಸ್ವಂತ ಗೋಡೆಗೋಸ್ಕರ ಯುದ್ಧ ಮಾಡಿದ ವೀರರು ಕ್ಯಾಲೆಂಡರನ್ನು ಬಾಗಿಲ ಚಿಲಕಕ್ಕೆ ನೇತುಹಾಕಿದ್ದಾರೆ. ಗುಬ್ಬಿಯ ಮೇಷ್ಟ್ರು ನಮ್ಮ ಪಕ್ಕದ ತಮ್ಮ ಮನೆಯನ್ನು ಬಾಡಿಗೆಗೇ ಕೊಟ್ಟು ಗುಬ್ಬಿಯಲ್ಲಿ ಸುಖವಾಗಿದ್ದಾರೆ. ಬಾಡಿಗೆಗೆ ಬಂದಿರುವುದು ಹೊಸದಾಗಿ ಮದುವೆಯಾದ ಜೋಡಿ. ಕೀ ಕೊಡುವಾಗ ಮೇಷ್ಟ್ರು ಹೇಳಿದ ಮೊದಲ ಕಾನೂನು ಏನೆಂದು ಬೇರೆ ಹೇಳಬೇಕಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಆ ಸಭೆಯಲ್ಲಿ ನಕ್ಕವರೆಲ್ಲ ಈ ಸಭೆಯಲ್ಲಿ ಭಾಷಣ ಮಾಡಿದರು. ಕಡೆಗೆ ನನ್ನ ಸರದಿ. ಕೆನ್ನೆಯಲ್ಲಿ ಬೋಂಡ, ಟಕ ಟಕ ಟಕ, ಒಂದೇ ಒಂದು ಮಾತು. ಶಾಮಿಯಾನ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಓನರಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದವರನ್ನು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು, "ಇದು ಅವರ ದನೀನಾ? ಮನೇಲಿ ಹಿಂಗೆ ಯಾವತ್ತೂ ಮಾತಾಡಿಲ್ಲಪ್ಪ."

ಸಭೆ ಮುಗಿದ ಮೇಲೆ ಓನರಮ್ಮ ಬಾಷಣ್ಣನ ಆಟೊದಿಂದ ಒಂದು ದೊಡ್ಡ ಗಂಟು ಇಳಿಸಿದರು. ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ ಫ್ರೇಮುಗಳು. "ಇವಕ್ಕೆ ನಮ್ಮನೇಲಿ ಜಾಗ ಇಲ್ಲ. ನೀವೆಲ್ಲ ಈಗ ಸ್ವಂತ ಗೋಡೆಯೋರು. ಒಂದೊಂದು ಹಾಕ್ಕೊಳ್ಳಿ."

ಆಗ ನೋಡಬೇಕಿತ್ತು ಕಾಮಧೇನುವಿನ ಕರುಗಳನ್ನು. ಒಬ್ಬರ ಮನೆಗೆ ಈಗಷ್ಟೇ ಪೇಂಟು ಆಗಿತ್ತು. ಇನ್ನೊಬ್ಬರಲ್ಲಿ ದಕ್ಷಿಣದ ಗೋಡೆಗೆ ಟೀವಿ ಬಂದಿತ್ತು, ತೀರಿಕೊಂಡವರನ್ನು ಬೇರೆ ದಿಕ್ಕಿಗೆ ಹಾಕುವಂತಿರಲಿಲ್ಲ. ಮೇಷ್ಟ್ರು "ನಮ್ಮನೇಲಿ ಬಾಡಿಗೆಯೋರಿದಾರೆ, ಅವರನ್ನ ಕೇಳ್ಬೇಕಾಗತ್ತೆ" ಎಂದರು. ಕಡೆಗೆ ಇಲ್ಲ ಎನ್ನಲಾರದೆ ಗಂಟನ್ನು ಹೊತ್ತು ತಂದವಳು ನಮ್ಮಮ್ಮ. ತಂದವಳು ಹಾಲಿನ ನಡುವೆ ಇಟ್ಟುಕೊಂಡು ನಾಲ್ಕೂ ಗೋಡೆ ನೋಡಿದಳು. ನಾನು ಸುಮ್ಮನೆ ಸುತ್ತಿಗೆ ತೋರಿಸಿದೆ. ಅವಳು ತಲೆಯಾಡಿಸಿದಳು.

"ಬಿಸಾಕ್ಲಾ?"

"ಛೀ! ಮನುಷ್ಯನ ಫೋಟೊ ಬಿಸಾಕ್ತಾರೇನೋ? ಸಂದೀಲಿಡು."

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವಿನ ಆ ಗೇಣಗಲದ ಸಂದಿಯಲ್ಲಿ ಒಡೆದ ಬಕೆಟ್ಟು, ಉಳಿದ ಟೈಲ್ಸು, ಬಿದ್ದ ಚೆಂಡುಗಳು, ಯಾರದೂ ಅಲ್ಲದ ಒಂದು ಬೆಕ್ಕು ಇರುತ್ತವೆ. ಫ್ರೇಮುಗಳನ್ನು ಒಂದೊಂದಾಗಿ ಓರೆ ಮಾಡಿ ಒಳಗೆ ತಳ್ಳಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಹೋದವು. ಅದೇ ನೂಲು ಬಿಟ್ಟ ಶಾಲು, ಅದೇ ಗಂಧದ ಹಾರ, ಅದೇ "ಅಯ್ಯಯ್ಯೋ, ಇದೆಲ್ಲ ಯಾಕೆ?" ಎನ್ನುವ ಮುಖ. ಗುಬ್ಬಿ ಹೋಯಿತು, ಕುಣಿಗಲ್ ಹೋಯಿತು, ಯಡಿಯೂರು ಹೋಯಿತು. ನಮ್ಮ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ, ನೆಟ್ಟಗೆ ನಿಂತರು. ಇಲ್ಲಿ ಒರಗಬೇಡಿ ಎನ್ನುವವರಿಲ್ಲ.

ನನಗೆ ಸುಮ್ಮನಿರಲು ಬರುವುದಿಲ್ಲ. ಸಂದಿಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ, ಅವರದೇ ದನಿಯಲ್ಲಿ ಕೂಗಿದೆ, "ಏನ್ರೀ, ಮೊಳೆ ಹೊಡೆದ್ರಾ?"

ದನಿ ಎರಡು ಗೋಡೆಗಳ ನಡುವೆ ಹಾದು ಹಿತ್ತಲವರೆಗೂ ಹೋಗಿ ಗುಂಯ್ ಎಂದಿತು. ಮೇಷ್ಟ್ರ ಮನೆಯ ಬಚ್ಚಲು ಕಿಟಕಿಯಿಂದ, ಸೆಕ್ರೆಟರಿಯನ್ನು ಕಣ್ಣಿಂದಲೂ ಕಂಡಿರದ ಆ ಹೊಸ ಬಾಡಿಗೆಯ ಹುಡುಗ ಗಾಬರಿಯಾಗಿ ಉತ್ತರ ಕೊಟ್ಟ.

"ಇಲ್ಲ ಸಾರ್! ದೇವ್ರಾಣೆ ಹೊಡ್ದಿಲ್ಲ ಸಾರ್!"